ಕೇಳದ ಚಾನೆಲ್ಲಿಗೂ ಕಾಸು ಕೊಡಬೇಕೇ ಸ್ವಾಮೀ?

ಚಿತ್ರರಸಿಕ ಮಿತ್ರರೇ, ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾವ ಹೀರೋ ಯಾವ ಪಿಕ್ಚರಿಗೆ ಅಡ್ವಾನ್ಸ್ ತಗೊಂಡ, ಯಾವ ನಿರ್ಮಾಪಕರು ಕೈ ಸುಟ್ಟುಕೊಂಡರು ಎಂಬುದೆಲ್ಲ ಮುಂದಿನ ವಾರಕ್ಕಿರಲಿ. ಈ ವಾರ ಗುಬ್ಬಿಯಲ್ಲಿರುವ ನಮ್ಮ ಅತ್ತೆಯ ಕೇಸು! ನಗಬೇಡಿ. ಇದು ನಿಮ್ಮ ಮನೆಯ ಕೇಸೂ ಆಗಿರಬಹುದು.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಮಾವ ತೀರಿಕೊಂಡು ಆರು ವರ್ಷವಾಯಿತು. ಅಡಿಕೆ ಸೀಸನ್ನಿನಲ್ಲಿ ಅಡಿಕೆ ಸುಲಿಯೋಕೆ ಹೋಗ್ತಾರೆ, ಮಿಕ್ಕ ದಿನ ಒಂದು ಹಸು, ಡೈರಿಗೆ ಹಾಲು. ಸಂಜೆಯಾದರೆ ಟೀವಿ. ಅವರಿಗಿರುವ ಶೋಕಿ ಅದೊಂದೇ.

ಹೋದ ತಿಂಗಳು ಒಂದು ರಾತ್ರಿ ಟೀವಿಯಲ್ಲಿ 'ಬೇಡರ ಕಣ್ಣಪ್ಪ' ಬರ್ತಾ ಇತ್ತಂತೆ. ನಿಮಗೆ ನಾನು ಬೇರೆ ಹೇಳಬೇಕೆ? 1954ರ ಚಿತ್ರ. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ನಮ್ಮ ಅಣ್ಣಾವ್ರು ನಾಯಕರಾಗಿ ಬೆಳ್ಳಿತೆರೆಗೆ ಬಂದ ಮೊದಲ ಚಿತ್ರ. ತಯಾರಿಸಿದ್ದು ಗುಬ್ಬಿ ವೀರಣ್ಣನವರ ಸಂಸ್ಥೆ. ಅಂದಮೇಲೆ ಅತ್ತೆಗೆ ಅದು ಬರೀ ಪಿಕ್ಚರ್ ಅಲ್ಲ, ಊರಿನ ಸ್ವತ್ತು! ಕಣ್ಣಪ್ಪ ಒಂದು ಕಣ್ಣು ಕಿತ್ತು ಶಿವನಿಗೆ ಇಟ್ಟಾಗಿದೆ. ಎರಡನೇ ಕಣ್ಣಿಗೆ ಕೈ ಹಾಕಬೇಕು... ಅಷ್ಟರಲ್ಲಿ ತೆರೆ ಕಪ್ಪು! ನಡುವೆ ಇಂಗ್ಲಿಷಿನಲ್ಲಿ ಎರಡು ಸಾಲು.

ಅತ್ತೆಗೆ ಕನ್ನಡವೇ ಕೂಡಿಸಿ ಕೂಡಿಸಿ ಓದಬೇಕು, ಇಂಗ್ಲಿಷ್ ಎಲ್ಲಿಂದ ಬರಬೇಕು? ಡಬ್ಬಿ ತಲೆ ಮೇಲೆ ಎರಡು ತಟ್ಟಿದರಂತೆ. ಆಮೇಲೆ ಪಕ್ಕದ ಮನೆಗೆ ಹೋಗಿ, ಒಳಕ್ಕೆ ಕರೀಲಿಲ್ಲ ಅಂತ ಹೊಸಿಲ ಹೊರಗೇ ನಿಂತು ಕಣ್ಣಪ್ಪನ ಕೊನೇ ಹತ್ತು ನಿಮಿಷ ನೋಡಿಕೊಂಡು ಬಂದರಂತೆ. ಮಾರನೇ ದಿನ ಗೊತ್ತಾಯ್ತು, ತಿಂಗಳ ದುಡ್ಡಿನ ಗಡುವು ಮುಗಿದಿತ್ತು, ಕನೆಕ್ಷನ್ ತಾನಾಗೇ ಕಟ್ ಆಗಿತ್ತು. ಮುನ್ನೂರು ರೂಪಾಯಿ ಕೊಟ್ಟ ಮೇಲೆ ಬಂತು.

ನಾನು ಹೋದಾಗ ಕೇಳಿದರು. "ಮಗಾ, ನೀನು ಪೇಪರ್ನಾಗೆ ಬರೀತೀಯಲ್ಲ, ಒಂದು ಮಾತು ಹೇಳು. ನಾನು ನೋಡೋದು ಮೂರು ಚಾನೆಲ್ಲು. ಮುನ್ನೂರು ರೂಪಾಯಿ ಈಸ್ಕಂತಾರೆ. ಇದು ನ್ಯಾಯವೇನಪ್ಪ?"

ಹೀರೋಗಳ ಡೇಟು, ಹೀರೋಯಿನ್‌ಗಳ ಮದುವೆ ಬಗ್ಗೆ ಕೇಳಿದ್ರೆ ತಟ್ಟನೆ ಉತ್ತರ ಕೊಡುತ್ತಿದ್ದೆ. ಈ ಪ್ರಶ್ನೆಗೆ ಬಾಯಿ ಕಟ್ಟಿತು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು ಎಂಬುದು ಈ ಕಾಲಂ ಓದುವವರಿಗೆಲ್ಲ ಗೊತ್ತು. ಆದರೂ ಕೂಡೋದು ಕಳೆಯೋದು ಬರುತ್ತೆ. ಲೆಕ್ಕ ಹಾಕಿಯೇ ಬಿಡೋಣ ಅಂತ ಕೂತೆ.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಕಾಸು ಕೊಡೋದು ತಪ್ಪಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯವರು ಧರ್ಮಕ್ಕೆ ನಾಟಕ ಆಡಲಿಲ್ಲ. 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿ ಅದು. ಆನೆಗೆ ಮೇವು ಯಾರು ಹಾಕಬೇಕು? ಟಿಕೆಟ್ ಕೊಂಡವರು ಹಾಕಬೇಕು! ಇವತ್ತು ನಾವು ಟಾಕೀಸಿಗೆ ಹೋದರೂ ಅಷ್ಟೇ, ಕೌಂಟರಿನಲ್ಲಿ ಕಾಸು ಇಟ್ಟೇ ಒಳಗೆ ಹೋಗ್ತೀವಿ. ಕಲಾವಿದ, ಲೈಟ್‌ಬಾಯ್, ಪ್ರೊಜೆಕ್ಟರ್ ನಡೆಸುವವನು ಎಲ್ಲರ ಹೊಟ್ಟೆಯೂ ಅದರಲ್ಲೇ ತುಂಬಬೇಕು. ಬಿಟ್ಟಿ ನೋಡಬೇಕು ಎಂದು ಅತ್ತೆಯೂ ಕೇಳಿಲ್ಲ, ನಾನೂ ಕೇಳ್ತಿಲ್ಲ.

ಆದರೆ ಈ ಪತ್ರಿಕೆಯನ್ನು ನೀವು ಎಲ್ಲಿ ಕೊಂಡಿರಿ? ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತಾನೇ? ಅಂಗಡಿಯವರು, "ಸಿನಿಮಾ ಪತ್ರಿಕೆ ಒಂದೇ ಬೇಕಾದ್ರೆ ಇಷ್ಟು ರೇಟು. ಅದರ ಜೊತೆ ಜ್ಯೋತಿಷ್ಯದ್ದು, ಅಡುಗೆದು, ಷೇರುಪೇಟೆದು, ಒಂದು ಹಿಂದೀದು, ಎರಡು ಇಂಗ್ಲಿಷಿಂದು ಕಟ್ಟಿಕೊಡ್ತೀನಿ, ಕಟ್ಟು ತಗೊಂಡ್ರೆ ಅಗ್ಗ" ಅಂದರೆ ಏನು ಮಾಡ್ತೀರಿ? "ನನಗೆ ಬೇಕಾಗಿರೋದು ಇದೊಂದೇ ಕಣ್ರೀ" ಅಂತ ಜಗಳ ತೆಗೀತೀರಿ. ಬಸ್ಸು ಹೊರಡುವ ಹೊತ್ತಾಗಿದ್ದರೆ ಬೈಕೊಂಡು ಇಡೀ ಕಟ್ಟು ತಗೊಂಡು ಹತ್ತುತ್ತೀರಿ. ಕೇಬಲ್ ಟೀವಿ ವ್ಯವಹಾರ ಎಂದರೆ ಈ ಎರಡನೆಯದು. ಅಲ್ಲಿ ಯಾವಾಗಲೂ ಬಸ್ಸು ಹೊರಡುವ ಹೊತ್ತೇ!

ಈಗ ಕಾನೂನಿನ ಕಥೆ, ಚುಟುಕಾಗಿ. ಕೇಬಲ್ ಜಾಲಗಳಿಗೆ ಕಾಯ್ದೆ ಬಂದದ್ದು 1995ರಲ್ಲಿ. ಅದರ ಹಿಂದಿನ ವರ್ಷವಷ್ಟೇ, 1994ರ ಜೂನ್‌ನಲ್ಲಿ, ಉದಯ ಟೀವಿ ಶುರುವಾಗಿತ್ತು. ಆ ಕಾಲದಲ್ಲಿ ಕೇಬಲ್ ಅಂದರೆ ಬಂದದ್ದೆಲ್ಲ ನೋಡು, ಕೇಳಿದಷ್ಟು ಕೊಡು. ಡಬ್ಬಿಯೂ ಇರಲಿಲ್ಲ, ಪ್ಯಾಕೂ ಇರಲಿಲ್ಲ. ಆಮೇಲೆ ಎಲ್ಲ ಡಿಜಿಟಲ್ ಆಗಬೇಕು ಎಂದು ಸರ್ಕಾರ 2011ರಲ್ಲಿ ಕಾಯ್ದೆ ತಿದ್ದಿತು. ಮೊದಲು ಮಹಾನಗರಗಳು, ಆಮೇಲೆ ಬೆಂಗಳೂರು ಮೈಸೂರು, ಆಮೇಲೆ ನಮ್ಮಂಥ ಊರುಗಳು, ಕೊನೆಗೆ ಹಳ್ಳಿಗಳು. ಮನೆಮನೆಗೂ ಡಬ್ಬಿ ಬಂತು. ಡಬ್ಬಿ ಬಂದರೆ ಬೇಕಾದ ಚಾನೆಲ್ಲಿಗೆ ಮಾತ್ರ ದುಡ್ಡು ಕೊಡಬಹುದು ಎಂಬ ಮಾತೂ ಬಂತು.

ಆ ಮಾತು ನಿಯಮವಾಗಿ ಜಾರಿಯಾದದ್ದು 2019ರ ಫೆಬ್ರವರಿಯಲ್ಲಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹೇಳಿದ್ದಿಷ್ಟು. ವೈರಿನ ಬಾಡಿಗೆ ಎಂದು ತಿಂಗಳಿಗೆ ಹೆಚ್ಚೆಂದರೆ 130 ರೂಪಾಯಿ, 100 ಚಾನೆಲ್ಲಿಗೆ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ. ಮಿಕ್ಕಿದ್ದಕ್ಕೆ ಚಾನೆಲ್ ಚಾನೆಲ್ಲಿಗೂ ಬೆಲೆ ಪ್ರಕಟಿಸಬೇಕು, ಗಿರಾಕಿ ಬಿಡಿಯಾಗಿ ಕೇಳಿದರೆ ಕೊಡಲೇಬೇಕು. ಪ್ಯಾಕಿನೊಳಗೆ ಸೇರಿಸುವ ಚಾನೆಲ್ಲಿನ ಬಿಡಿ ಬೆಲೆ 19 ರೂಪಾಯಿ ಮೀರಬಾರದು. ಕಂಪನಿಗಳು ಏನು ಮಾಡಿದವು ಗೊತ್ತೇ? ಜೀ ಕನ್ನಡ 19, ಕಲರ್ಸ್ ಕನ್ನಡ 19, ಉದಯ 17! ಮೀರಬಾರದು ಎಂದು ಹಾಕಿದ ಗೆರೆಯ ಮೇಲೇ, ಇಲ್ಲ ಗೆರೆಯ ಪಕ್ಕದಲ್ಲೇ ಹೋಗಿ ಕೂತವು. 2020ರಲ್ಲಿ ಟ್ರಾಯ್ ಆ 19ನ್ನು 12ಕ್ಕೆ ಇಳಿಸಿತು, 130 ರೂಪಾಯಿಗೆ 200 ಚಾನೆಲ್ ಕೊಡಿ ಅಂತು. ಕಂಪನಿಗಳು ಕೋರ್ಟಿಗೆ ಹೋದವು. ಎಳೆದಾಟ ಮುಗಿದು 2022ರ ನವೆಂಬರಿನಲ್ಲಿ 12 ಮತ್ತೆ 19 ಆಯಿತು. 2024ರ ಜುಲೈನಲ್ಲಿ 130ರ ಮಿತಿಯನ್ನೂ ತೆಗೆದರು, ಅದನ್ನೀಗ ವಿತರಕರೇ ನಿಗದಿ ಮಾಡಬಹುದು.

ಅತ್ತೆಯ ಲೆಕ್ಕ ನೋಡಿ. ಅವರು ನೋಡುವ ಮೂರು ಚಾನೆಲ್ಲೂ ಬೇರೆ ಬೇರೆ ಕಂಪನಿಯವು. ತಲಾ 19 ಎಂದು ಹಿಡಿದರೂ 57. ವೈರಿನ ಬಾಡಿಗೆ 130. ಒಟ್ಟು 187. ಟ್ಯಾಕ್ಸ್ ಸೇರಿ 220 ರೂಪಾಯಿ 66 ಪೈಸೆ. ಕೊಡುತ್ತಿದ್ದದ್ದು 300. ತಿಂಗಳಿಗೆ 79 ರೂಪಾಯಿ 34 ಪೈಸೆ ಹೆಚ್ಚು, ವರ್ಷಕ್ಕೆ 952 ರೂಪಾಯಿ! ನಿಮಗೆ ಇದು ಒಂದು ಸ್ಟಾರ್ ಪಿಕ್ಚರಿಗೆ ಗೆಳೆಯರನ್ನು ಕರಕೊಂಡು ಹೋಗುವ ಖರ್ಚು. ಅತ್ತೆಗೆ ಅದು ಎಷ್ಟು ದಿನ ಕೂತು ಸುಲಿದ ಅಡಿಕೆ ಎಂಬುದನ್ನು ಅವರ ಬೆರಳು ನೋಡಿದರೆ ಗೊತ್ತಾಗುತ್ತೆ.

ಅತ್ತೆಯ ಗಿರಾಕಿ ನಂಬರ್ ಬರಕೊಂಡು ತುಮಕೂರಿನ ಆಫೀಸಿಗೆ ಹೋದೆ. ಯಾರ ಆಫೀಸು ಎಂಬುದು ಬೇಡ ಬಿಡಿ. ಪ್ಯಾಕ್ ಬದಲಾಯಿಸೋದು ಗುಬ್ಬಿಯಲ್ಲಿ ಆಗಲ್ಲ, ಇಲ್ಲೇ ಆಗಬೇಕು ಅಂದಿದ್ದರು. ಎರಡು ಮಹಡಿ ಹತ್ತಿದೆ. ಕಂಪ್ಯೂಟರ್ ಮುಂದೆ ನನ್ನದೇ ವಯಸ್ಸಿನ ಒಬ್ಬ ಹುಡುಗ, ಇಯರ್‌ಫೋನ್ ಹಾಕ್ಕೊಂಡು ಮೊಬೈಲಿನಲ್ಲಿ ಪಿಕ್ಚರ್ ನೋಡ್ತಿದ್ದ. ಕೇಬಲ್ ಆಫೀಸಿನಲ್ಲಿ ಮೊಬೈಲ್ ಪಿಕ್ಚರ್! ನನಗೆ ನಗು ಬಂತು, ಅವನಿಗೂ ಬಂತು.

"ಬಿಲ್ಲು ಕೊಡಿ, ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದಿರಬೇಕು" ಅಂದೆ.

"ಬಿಲ್ಲು ಯಾರೂ ಕೇಳಲ್ಲ ಸಾರ್."

"ನಾನು ಕೇಳ್ತಿದೀನಲ್ಲ."

ಅರ್ಧ ಗಂಟೆ ಕೂರಿಸಿದ. ಮೇಲಿನವರಿಗೆ ಫೋನ್ ಮಾಡಿದ. ಕೊನೆಗೆ ಒಂದು ಉದ್ದನೆ ಪಟ್ಟಿ ಪ್ರಿಂಟ್ ಹಾಕಿದ. ಅದನ್ನು ಗುಬ್ಬಿಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಎರಡು ಕ್ರಿಕೆಟ್ಟಿನ ಚಾನೆಲ್, ಕಾಡುಪ್ರಾಣಿಗಳದ್ದು ಒಂದು, ಇಂಗ್ಲಿಷ್ ಪಿಕ್ಚರಿನದು ಒಂದು, ಹಿಂದಿ ಧಾರಾವಾಹಿ, ಆಮೇಲೆ ಮಕ್ಕಳ ಕಾರ್ಟೂನ್ ಮೂರು. ಅತ್ತೆ ಸುಮ್ಮನೆ ಕೇಳ್ತಾ ಇದ್ದವರು ಕಾರ್ಟೂನ್ ಹತ್ತಿರ ತಡೆದರು. "ನಮ್ಮನೇಲಿ ಮಕ್ಳೆಲ್ಲವ್ರಪ್ಪ?" ಅಂದರು. ಅವರ ಒಬ್ಬನೇ ಮಗ ಬೆಂಗಳೂರು ಸೇರಿ ಹತ್ತು ವರ್ಷವಾಗಿದೆ. ಮೊಮ್ಮಗು ಬರುವುದು ಗೌರಿ ಹಬ್ಬಕ್ಕೆ ಎರಡು ದಿನ.

ಮತ್ತೆ ತುಮಕೂರಿಗೆ ಬಂದು, ಮೂರೇ ಚಾನೆಲ್ ಹಾಕಿ ಅಂದೆ. ಆಗ ಆ ಹುಡುಗ ಒಂದು ಗುಟ್ಟು ಬಿಚ್ಚಿದ. "ಸಾರ್, ಒಂದೊಂದು ಕಂಪನಿಯದು ಒಂದೊಂದೇ ಆದ್ರೆ ಬಿಡಿ ಅಗ್ಗ. ಒಂದೇ ಕಂಪನಿಯದು ಎರಡು ಬೇಕು ಅಂದ್ರೆ ಸತ್ರಿ. ಪ್ಯಾಕೇ ತಗೋಬೇಕು." ಹೇಗೆ ಅಂತೀರಾ? ಪ್ಯಾಕಿನ ಮೇಲೆ ಕಂಪನಿಯವರು ಶೇಕಡಾ 45ರವರೆಗೆ ರಿಯಾಯಿತಿ ಕೊಡಬಹುದು. ತಲಾ 19ರ ಮೂರು ಚಾನೆಲ್ ಸೇರಿದರೆ 57. ಅದನ್ನೇ ಪ್ಯಾಕ್ ಮಾಡಿ 31 ರೂಪಾಯಿ 35 ಪೈಸೆಗೆ ಕೊಡಬಹುದು. ಬಿಡಿಯಾಗಿ ಎರಡು ಕೊಂಡರೆ 38! ಎರಡಕ್ಕೆ 38, ಮೂರಕ್ಕೆ 31. ಎರಡು ಸಾಕು ಎಂದವನೇ ದಡ್ಡ! ನಿಮ್ಮ ಇಷ್ಟದ್ದು ನೀವೇ ಆರಿಸಿಕೊಳ್ಳಿ ಎಂದು ನಿಯಮ ಬಾಗಿಲು ತೆಗೆಯಿತು. ಕಂಪನಿಯವರು ಬಾಗಿಲಿನ ಆಚೆ ಗುಂಡಿ ತೋಡಿ ಇಟ್ಟರು. ಆಮೇಲೆ "ಜನ ತಾವಾಗೇ ಪ್ಯಾಕ್ ಆರಿಸಿಕೊಂಡಿದ್ದಾರೆ" ಅಂತಾರೆ. ಬೆಲೆ ಕಟ್ಟಿದ ರೀತಿಯೇ ಗಿರಾಕಿಯನ್ನು ಅಲ್ಲಿಗೆ ತಳ್ಳುವಾಗ ಅದು ಆರಿಸಿಕೊಂಡಿದ್ದು ಹೇಗಾಗುತ್ತೆ ರೀ? ನನ್ನ ತಕರಾರು ಇದೇ. ಮುನ್ನೂರೋ ಇನ್ನೂರೋ ಎಂಬುದು ಆಮೇಲಿನ ಮಾತು.

ಹೊರಡುವಾಗ ಆ ಹುಡುಗ ಹೇಳಿದ, "ನಮಗೇನು ಸಿಗುತ್ತೆ ಅಂತೀರಾ? ಎಲ್ಲ ಲೋಕಲ್‌ನವರು ತಿಂತಾರೆ ಸಾರ್."

ಹಾಗಾದರೆ ಲೋಕಲ್‌ನವರನ್ನೇ ಕೇಳೋಣ ಅಂತ ಕುಣಿಗಲ್ ಬಸ್ ಹತ್ತಿದೆ. ಅಲ್ಲಿ ನನ್ನ ಹೈಸ್ಕೂಲ್ ಗೆಳೆಯನೊಬ್ಬ ಕೇಬಲ್ ಲೈನ್ ನೋಡಿಕೊಳ್ಳುತ್ತಾನೆ. ನಾನು ಹೋದಾಗ ಕೆರೆ ಕಡೆಯ ಬೀದಿಯಲ್ಲಿ ಏಣಿ ಮೇಲಿದ್ದ. ಹಿಂದಿನ ರಾತ್ರಿ ಗಾಳಿಗೆ ತೆಂಗಿನ ಗರಿ ಬಿದ್ದು ವೈರು ಹರಿದಿತ್ತು. ಕೆಳಗೆ ನಿಂತ ಒಬ್ಬ ಯಜಮಾನರು ಮ್ಯಾಚ್ ಶುರುವಾಗೋ ಹೊತ್ತಿಗೆ ಬರುತ್ತೋ ಇಲ್ಲವೋ ಅಂತ ಬೈತಾನೇ ಇದ್ದರು.

ಟೀ ಅಂಗಡಿಯಲ್ಲಿ ಕೂತು ಲೆಕ್ಕ ಮಾಡಿದೆವು. ಬೇರೆ ಒಪ್ಪಂದ ಆಗದಿದ್ದರೆ ಹೀಗೆ ಹಂಚಿಕೊಳ್ಳಿ ಎಂದು ಟ್ರಾಯ್ ಒಂದು ಮಾದರಿ ಹಾಕಿಕೊಟ್ಟಿದೆ. ದೊಡ್ಡ ವಿತರಕನಿಗೆ 55, ಲೋಕಲ್ ಆಪರೇಟರಿಗೆ 45. ಅತ್ತೆಯ 220 ರೂಪಾಯಿ 66 ಪೈಸೆಯನ್ನು ಆ ತಕ್ಕಡಿಯಲ್ಲಿ ಇಟ್ಟರೆ ಸರ್ಕಾರದ ಟ್ಯಾಕ್ಸ್ 33.66. ಚಾನೆಲ್ ಕಂಪನಿಗಳಿಗೆ 45.60. ದೊಡ್ಡ ವಿತರಕನಿಗೆ 77.77. ಲೋಕಲ್‌ಗೆ 63.63. ಇದರಲ್ಲೇ ವೈರು, ಏಣಿ, ಪೆಟ್ರೋಲು, ಸಿಡಿಲಿಗೆ ಸುಟ್ಟ ಸಾಮಾನು, ನನ್ನ ಗೆಳೆಯನ ಸಂಬಳ.

"ಇನ್ನೊಂದು ಕೇಳು ಗುರೂ" ಅಂದ. "ಈಗೆಲ್ಲ ಮುಂಗಡ. ನಮ್ಮ ಓನರ್ ಮೊದಲು ಮೇಲಿನವರ ಅಕೌಂಟಿಗೆ ದುಡ್ಡು ತುಂಬಬೇಕು, ಆಮೇಲೆ ಮನೆ ಮನೆ ತಿರುಗಿ ವಸೂಲಿ. ಎರಡೆರಡು ತಿಂಗಳು ಬಾಕಿ ಉಳಿಸ್ಕೊಂಡಿರೋ ಮನೆಗಳವೆ. ಕಟ್ ಮಾಡಿದ್ರೆ ಬೈತಾರೆ, ಮಾಡ್ದಿದ್ರೆ ಓನರ್ ಬೈತಾರೆ. 2023ರ ಫೆಬ್ರವರಿಯಲ್ಲಿ ಆಗಿದ್ದು ಜ್ಞಾಪಕ ಐತಾ?"

ಜ್ಞಾಪಕ ಇಲ್ಲದೆ ಏನು! ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಜಾಲಗಳಿಗೆ ಸ್ಟಾರ್, ಜೀ, ಸೋನಿ ಕಂಪನಿಗಳು ಸಿಗ್ನಲ್ ನಿಲ್ಲಿಸಿದ್ದವು. ದೊಡ್ಡವರು ದೊಡ್ಡವರ ಜಗಳ. ದೇಶದ ಎಷ್ಟೋ ಮನೆಗಳಲ್ಲಿ ಸುಮಾರು ಒಂದು ವಾರ ಚಾನೆಲ್ಲುಗಳೇ ಇಲ್ಲ. ತಿಂಗಳ ದುಡ್ಡು ಕಟ್ಟಿ ಕೂತವರ ಮಾತು ಆ ಜಗಳದಲ್ಲಿ ಯಾರೂ ಕೇಳಲಿಲ್ಲ. ಗಿರಾಕಿಯ ಬಾಯಿಗೆ ಸಿಗುವವನು ಏಣಿ ಹತ್ತುವವನೊಬ್ಬನೇ.

ಗೆಳೆಯ ಇನ್ನೂ ಒಂದು ಮಾತು ಹೇಳಿದ, ಅದು ನನಗೆ ನಾಟಿತು. "ನಿನ್ನಂಥೋರಿಂದಲೇ ನಮ್ಮ ಲೈನು ಹಾಳಾಗಿರೋದು ಮಗಾ. ಎಲ್ಲ ಮೊಬೈಲ್‌ನಾಗೆ ನೋಡ್ತೀರ. ಅದೂ ಯಾರದೋ ಪಾಸ್‌ವರ್ಡು!" ನಿಜ. ನನ್ನ ಮೊಬೈಲಿನಲ್ಲಿರೋ ಪಾಸ್‌ವರ್ಡ್ ನಮ್ಮ ಅಕ್ಕನ ಗಂಡನದು. ಓದುಗ ಮಿತ್ರರೇ, ನಿಮ್ಮದು ಯಾರದ್ದು? ಹುಡುಗರೆಲ್ಲ ಮೊಬೈಲಿಗೆ ಹೋದರು. ಕೇಬಲ್ ಹಿಡಕೊಂಡು ಕೂತಿರೋರು ಅತ್ತೆಯಂಥವರು. ಇಂಗ್ಲಿಷ್ ಪಟ್ಟಿ ಓದಲಾರದವರು, ಆಫೀಸಿನ ಮೆಟ್ಟಿಲು ಹತ್ತದವರು. ಅವರ ತಲೆ ಮೇಲೆ ಪ್ಯಾಕ್ ಕಟ್ಟೋದು ಬಹಳ ಸುಲಭ.

ದೂರದರ್ಶನದ ಫ್ರೀ ಡಿಶ್ ಇದೆಯಲ್ಲ ಅಂತ ಕೆಲವರು ಕೇಳಬಹುದು. 2004ರಿಂದಲೂ ಇದೆ. ಡಬ್ಬಿ, ಡಿಶ್ಶಿಗೆ ಒಂದು ಸಲ ಖರ್ಚು ಮಾಡಿದರೆ ತಿಂಗಳ ಬಾಡಿಗೆಯೇ ಇಲ್ಲ. ಚಂದನ ಬರುತ್ತೆ. ಆದರೆ ಅತ್ತೆ ಕೇಳೋ ಧಾರಾವಾಹಿ ಅಲ್ಲಿ ಇಲ್ಲ. ಇಷ್ಟಪಟ್ಟ ಪಿಕ್ಚರಿಗೆ ಟಿಕೆಟ್ ಸಿಗದವನನ್ನು ಪಕ್ಕದ ಟಾಕೀಸಿಗೆ ಹೋಗು ಅಂದ ಹಾಗಾಯ್ತು.

ಜಾಹೀರಾತಿನ ವಿಷಯ ಹೇಳದಿದ್ದರೆ ಚಿತ್ರರಸಿಕರು ನನ್ನನ್ನು ಬಿಡೋಲ್ಲ. ನಮ್ಮಿಂದಲೂ ಕಾಸು, ಸೋಪಿನವರಿಂದಲೂ ಕಾಸು! ಈ ಪತ್ರಿಕೆಯೂ ಬೆಲೆ ತಗೊಂಡು ಜಾಹೀರಾತು ಹಾಕುತ್ತಲ್ಲ ಅಂತೀರಾ? ಹಾಕುತ್ತೆ. ಆದರೆ ಪುಟ ತಿರುಗಿಸಿದರೆ ಮುಗೀತು, ಹೀರೋ ಫೈಟ್ ಮಾಡುವಾಗ ಅವನ ಮುಖದ ಮೇಲೆ ಹಾಕಲ್ಲ. ಕೇಬಲ್ ನಿಯಮದಲ್ಲಿ ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಬರಬಾರದು ಎಂದಿದೆ. ಎರಡೂವರೆ ಗಂಟೆಯ ಪಿಕ್ಚರ್ ಆ ಲೆಕ್ಕದಲ್ಲಿ ಮೂರು ಗಂಟೆ ಎಂಟು ನಿಮಿಷಕ್ಕೆ ಮುಗಿಯಬೇಕು. ಅತ್ತೆ ಮನೆಯಲ್ಲಿ ವಾಚು ಹಿಡಿದು ಕೂತೆ. ಏಳಕ್ಕೆ ಶುರುವಾದ ಪಿಕ್ಚರ್ 'ಶುಭಂ' ಅಂದದ್ದು ಹತ್ತೂ ನಲವತ್ತಕ್ಕೆ. ಅದೂ ಎರಡು ಹಾಡು ನುಂಗಿ! ಇದೇ ಪಿಕ್ಚರಿನ ಹಾಡು ಕಟ್ ಮಾಡಿದ್ದಿದ್ದರೆ ಟಾಕೀಸಿನಲ್ಲಿ ನೀವು ಕುರ್ಚಿ ಮುರೀತಿದ್ರಿ. ಮನೆಯಲ್ಲಿ ಕುರ್ಚಿ ನಮ್ಮದೇ ಅಲ್ವೇ, ಸುಮ್ಮನಿರ್ತೀವಿ.

ನಿಮ್ಮ ಮನೆಯಲ್ಲೂ ಅಮ್ಮನೋ ಅಜ್ಜಿಯೋ ತಿಂಗಳಾ ತಿಂಗಳಾ ದುಡ್ಡು ಎಣಿಸಿ ಕೊಡ್ತಿದ್ದರೆ, ಒಂದು ದಿನ ಕಟ್ಟೆ ಮೇಲಿಂದ ಎದ್ದು ಹೋಗಿ ಆ ಬಿಲ್ಲು ಕೇಳಿ. ಬಿಡಿಸಿ ಬರೆದ ಬಿಲ್ಲು ಕೊಡಬೇಕು, ಬೇಡ ಎಂದ ಚಾನೆಲ್ ತೆಗೀಬೇಕು. ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ತುಮಕೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ. ಏಣಿ ಹತ್ತುವ ಹುಡುಗನ ಮೇಲೆ ಮಾತ್ರ ಕೂಗಾಡಬೇಡಿ. ಪ್ಯಾಕ್ ಕಟ್ಟಿದವನು ಅವನಲ್ಲ.

ಅತ್ತೆಯ ಬಿಲ್ಲು ಈ ತಿಂಗಳು 221 ರೂಪಾಯಿ ಬಂತು. ರಸೀತಿಯನ್ನು ಮಡಿಸಿ ಸಾಸಿವೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ, ಬಂದವರಿಗೆಲ್ಲ ತೋರಿಸ್ತಾರೆ. ನನಗೋ, ಡೈರೆಕ್ಟರಿಗೆ ನೂರನೇ ದಿನದ ಫಲಕ ಸಿಕ್ಕಿದಷ್ಟು ಖುಷಿ.

ನಿನ್ನೆ ರಾತ್ರಿ ಫೋನ್ ಬಂತು.

"ಮಗಾ, ಹಳೇ ಪಿಕ್ಚರ್ ಬರೋ ಚಾನೆಲ್ಲು ಕಾಣ್ತಿಲ್ಲ ಕಣಪ್ಪ. ಅವತ್ತು ಕಣ್ಣಪ್ಪ ಬಂದಿತ್ತಲ್ಲ, ಅದು. ನಿಮ್ಮ ಮಾವ ಇದ್ದಾಗ ದಿನಾ ಅದನ್ನೇ ಹಾಕ್ಕಂಡು ಕೂರೋರು."

ಅತ್ತೆ ಮೂರು ಚಾನೆಲ್ ಅಂದಿದ್ದರು, ನಾನು ಮೂರೇ ಬರಕೊಂಡಿದ್ದೆ. ಅದು ನಾಲ್ಕನೆಯದು. ತುಮಕೂರಿನ ಹುಡುಗನಿಗೆ ಫೋನ್ ಮಾಡಿದೆ. ಆ ಚಾನೆಲ್ಲೂ ಅತ್ತೆ ಹಾಕಿಸಿಕೊಂಡ ಮೂರರಲ್ಲಿ ಒಂದರ ಕಂಪನಿಯದೇ ಅಂತೆ. "ಹೇಳಿರಲಿಲ್ವಾ ಸಾರ್, ಒಂದೇ ಕಂಪನಿಯದು ಎರಡು ಅಂದ್ರೆ ಬಿಡಿ ಬೇಡ. ಪ್ಯಾಕ್ ಹಾಕ್ಲಾ? ಕಾರ್ಟೂನೂ ಬರುತ್ತೆ" ಅಂದ.

ಪಟ್ಟಿ, ಪೆನ್ಸಿಲ್ಲು ಹಿಡಕೊಂಡು ತುಮಕೂರು ಬಸ್ ಸ್ಟ್ಯಾಂಡಿನಲ್ಲೇ ಕೂತು ಈ ಕಾಲಂ ಬರೀತಿದ್ದೇನೆ. ಗುಬ್ಬಿ ಬಸ್ಸು ಬಂತು.